ಬೇಲಿಯ ಹೊರಗಿನ ಒಲೆ

ಮಧುಗಿರಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಓಬಳಪ್ಪನ ಬೇಕರಿ ಇತ್ತು. ಗೊಲ್ಲರಹಟ್ಟಿಯಿಂದ ಬಂದವನೊಬ್ಬ ಬೇಕರಿ ಇಟ್ಟದ್ದು ಮೊದಮೊದಲು ಊರವರಿಗೆ ತಮಾಷೆಯಾಗಿತ್ತು. ಕುರಿ ಕಾಯುವ ಕೈ ಕೇಕಿನ ಮೇಲೆ ಹೂ ಬಿಡಿಸುತ್ತದಂತೆ ಎಂದು ಆಡಿಕೊಳ್ಳುತ್ತಿದ್ದರು. ವರ್ಷ ತಿರುಗುವುದರೊಳಗೆ ಪಾವಗಡದ ಬಸ್ಸು ಹಿಡಿಯುವವರು ಅವನ ಬನ್ನು ಕಟ್ಟಿಸಿಕೊಳ್ಳದೆ ಹತ್ತುತ್ತಿರಲಿಲ್ಲ.

ಅವನ ಹಟ್ಟಿ ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡಿನ ಅಂಚಿನಲ್ಲಿತ್ತು. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡು, ಕುರಿಗಳು ದಾಯಾದಿಗಳ ಪಾಲಾಗಿ, ಓಬಳಪ್ಪ ಶಿರಾಕ್ಕೆ ಬಂದು ಬುಡನ್ ಸಾಬರ ಬ್ರೆಡ್ಡಿನ ಭಟ್ಟಿಯಲ್ಲಿ ಸೌದೆ ಒಡೆಯುವ ಕೆಲಸಕ್ಕೆ ಸೇರಿದ್ದ. ಬುಡನ್ ಸಾಬರು ಬೈಯುತ್ತಲೇ ಅವನಿಗೆ ಹಿಟ್ಟು ನಾದುವುದನ್ನು ಕಲಿಸಿದರು, ಭಟ್ಟಿಯ ಬಾಯಿಗೆ ಕೈ ಹಿಡಿದು ಕಾವು ನೋಡುವುದನ್ನು ಕಲಿಸಿದರು. ಕೊನೆಗೆ ತಾವೇ ಮುಂದೆ ನಿಂತು, ಮಧುಗಿರಿಯಲ್ಲಿ ಗಂಗಹನುಮಯ್ಯನೆಂಬವನ ಮಳಿಗೆಯನ್ನು ಅವನಿಗೆ ಬಾಡಿಗೆಗೆ ಕೊಡಿಸಿದರು. ಅದೇ ವರ್ಷ ಹಟ್ಟಿಯ ಕ್ಯಾತಮ್ಮನನ್ನು ಮದುವೆಯಾದ. ಮರುವರ್ಷ, ಎಪ್ಪತ್ತೊಂದರಲ್ಲಿ, ಮೊದಲ ಮಗಳು ಕೊಲ್ಲಾಪುರಮ್ಮ ಹುಟ್ಟಿದಳು.

ಹಲ್ಲು ಮೂಡುವಾಗ ಮಗುವಿನ ಕೈಗೆ ರಸ್ಕು ಕೊಟ್ಟವನು ಓಬಳಪ್ಪನೇ. ಅದು ಚೀಪಿ ಚೀಪಿ ಗಲ್ಲವನ್ನೆಲ್ಲ ಅಂಟು ಮಾಡಿಕೊಂಡು ನಗುತ್ತಿತ್ತು. ಎರಡು ವರ್ಷ ತುಂಬುವಷ್ಟರಲ್ಲಿ ಆ ನಗು ಇರಲಿಲ್ಲ. ಹೊಟ್ಟೆ ಊದಿಕೊಂಡಿತು, ಕೈಕಾಲು ಕಡ್ಡಿಯಾದವು. ಬೂದು ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ಭೇದಿ ನಿಲ್ಲಲೇ ಇಲ್ಲ. ಊರಿನ ಡಾಕ್ಟರು ಜಂತುಹುಳ ಎಂದು ಔಷಧಿ ಕೊಟ್ಟರು. ಅದರಿಂದ ಗುಣ ಕಾಣದಿದ್ದಾಗ, "ಮುದ್ದೆ ಕೊಡಬೇಡಿ, ಅರಗಿಸಿಕೊಳ್ಳೋ ಶಕ್ತಿ ಇಲ್ಲ. ಹಗುರವಾದದ್ದು ಕೊಡಿ. ಹಾಲು, ಬ್ರೆಡ್ಡು," ಎಂದರು.

ಎಲ್ಲ ಡಾಕ್ಟರುಗಳೂ ಎಲ್ಲ ರೋಗಿಗಳಿಗೂ ಹೇಳುವ ಮಾತು ಅದು. ಓಬಳಪ್ಪನಿಗೆ ಅದಕ್ಕಿಂತ ಸುಲಭದ ಪಥ್ಯವಿರಲಿಲ್ಲ. ದಿನವೂ ಭಟ್ಟಿಯಿಂದ ತೆಗೆದ ಮೊದಲ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಓಡುತ್ತಿದ್ದ. ಅಂಚು ಬಿಡಿಸಿ, ಹಾಲಿನಲ್ಲಿ ನೆನೆಸಿ, ಮಡಿಲಲ್ಲಿ ಕೂರಿಸಿಕೊಂಡು ತಾನೇ ತಿನ್ನಿಸುತ್ತಿದ್ದ. ಮಗು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ಅಪ್ಪ ಬೆಡ್ಡು" ಎಂದು ಅದನ್ನೇ ಕೇಳುತ್ತಿತ್ತು. ಕಾಯಿಲೆ ಹೆಚ್ಚಾದಷ್ಟೂ ಅವನು ಹೆಚ್ಚು ತಿನ್ನಿಸಿದ. ನಾಲ್ಕು ತುಂಬುವ ಮೊದಲೇ, ಒಂದು ಆಷಾಢದಲ್ಲಿ, ಮಗು ತೀರಿಕೊಂಡಿತು. ಎತ್ತಿಕೊಂಡರೆ ಒಂದು ಕಟ್ಟು ಹುಲ್ಲಿನಷ್ಟೂ ತೂಕವಿರಲಿಲ್ಲ ಎಂದು ಕ್ಯಾತಮ್ಮ ಆಮೇಲೆ ಹೇಳುತ್ತಿದ್ದಳು.

ಎರಡನೆಯವಳು ಚಿತ್ತಮ್ಮ. ಅವಳಿಗೂ ಎರಡರ ಹೊತ್ತಿಗೆ ಅದೇ ಹೊಟ್ಟೆ, ಅದೇ ಕಡ್ಡಿ ಕಾಲು. ಓಬಳಪ್ಪ ಮತ್ತೆ ಬ್ರೆಡ್ಡು ಹಿಡಿದು ಓಡಾಡಿದ. ಕ್ಯಾತಮ್ಮ ಮಾತ್ರ ಈ ಸಲ ಕಾಯಲಿಲ್ಲ. ಮಗುವನ್ನು ಕಂಕುಳಿಗೆ ಹಾಕಿಕೊಂಡು ಹಟ್ಟಿಗೆ, ಅತ್ತೆ ಕೆಂಪಕ್ಕನ ಹತ್ತಿರ ಹೋದಳು. ಅಲ್ಲಿ ಬ್ರೆಡ್ಡು ಎಲ್ಲಿಂದ ಬರಬೇಕು? ರಾಗಿ ಅಂಬಲಿ, ಮೇಕೆ ಹಾಲು, ನವಣೆ ಅನ್ನ. ಎರಡು ತಿಂಗಳಲ್ಲಿ ಮಗುವಿನ ಕೆನ್ನೆ ತುಂಬಿತು, ಗೋಡೆ ಹಿಡಿದುಕೊಂಡು ಓಡಾಡತೊಡಗಿತು. ಸಂತೋಷದಿಂದ ಮಧುಗಿರಿಗೆ ಕರೆತಂದರು. ಮತ್ತೆ ಮಲಗಿತು. ಮತ್ತೆ ಹಟ್ಟಿಗೆ ಹೋಯಿತು, ಮತ್ತೆ ಎದ್ದಿತು.

"ಆ ಮನೆ ಆಗ್ಬರಾಕಿಲ್ಲ ಕಣ್ಲಾ ಓಬ್ಳ," ಎಂದಳು ಕೆಂಪಕ್ಕ. "ಬೆಂಕಿ ಆರ್ದಿರೋ ಜಾಗ ಅದು. ಮಕ್ಳನ್ನ ತಿಂತೈತೆ."

ಹಟ್ಟಿಯ ಬೇರೆ ಹೆಂಗಸರು ಮನೆಯನ್ನು ಬಿಟ್ಟು ಕ್ಯಾತಮ್ಮನ ಕಾಲ್ಗುಣದ ಮಾತಾಡಿದರು. ಅವಳ ಮೈಮೇಲಿನ ಮಚ್ಚೆ, ಅವಳ ತವರಿನ ಯಾರೋ ಮುತ್ತಜ್ಜಿ, ಎಲ್ಲವೂ ಮಾತಿಗೆ ಬಂದವು. ಒಂದು ನಾಮಕರಣದಲ್ಲಿ ಅವಳ ಕೈಗೆ ಕೂಸು ಕೊಡಲು ಹಿಂಜರಿದರು. ಕ್ಯಾತಮ್ಮ ಎದ್ದು ಬಂದವಳು ಆಮೇಲೆ ಯಾರ ಮನೆಯ ಶುಭಕ್ಕೂ ಹೋಗಲಿಲ್ಲ.

ಎಂಬತ್ತರಲ್ಲಿ ಚಿತ್ತಮ್ಮನಿಗೆ ಮೈಯೆಲ್ಲ ನೀರು ತುಂಬಿಕೊಂಡಾಗ ಬುಡನ್ ಸಾಬರೇ ಹಟ ಹಿಡಿದು ಬೆಂಗಳೂರಿಗೆ ಕಳಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಬಾಯಿಂದ ನಳಿಕೆ ಇಳಿಸಿ ಕರುಳಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಕಮಲಾಕ್ಷಮ್ಮ ಎಂಬ ಡಾಕ್ಟರು ಗಂಡಹೆಂಡಿರನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನಿಮ್ಮ ಮಗುಗೆ ಗೋಧಿ ಆಗೋದಿಲ್ಲ. ಗೋಧಿಯಲ್ಲಿರೋ ಒಂದು ಅಂಶ ಇವಳ ಕರುಳನ್ನ ಒಳಗಿಂದ ಸವೆಸಿಬಿಟ್ಟಿದೆ. ನಮ್ಮ ಕಡೆ ಇದು ತುಂಬ ಅಪರೂಪ, ಅದಕ್ಕೇ ಯಾರಿಗೂ ಹೊಳೆದಿಲ್ಲ. ಇದಕ್ಕೆ ಔಷಧಿ ಇಲ್ಲ. ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು, ಗೋಧಿಯಿಂದಾದದ್ದು ಯಾವುದೂ ಬಾಯಿಗೆ ಹೋಗಬಾರದು. ಜನ್ಮ ಇರೋತನಕ. ರಾಗಿ, ಅಕ್ಕಿ, ನವಣೆ, ಜೋಳ, ಎಲ್ಲ ತಿನ್ನಲಿ."

ಓಬಳಪ್ಪ ತಲೆ ತಗ್ಗಿಸಿದ. "ನಮ್ದು ಬೇಕರಿ ಕಣಮ್ಮ," ಎಂದಳು ಕ್ಯಾತಮ್ಮ.

ಡಾಕ್ಟರು ಕೈಲಿದ್ದ ಪೆನ್ನು ಕೆಳಗಿಟ್ಟರು. "ಹಾಗಿದ್ದರೆ ಮಗು ಅಲ್ಲಿರೋದು ಕಷ್ಟ. ಹಿಟ್ಟಿನ ಧೂಳು ಕೂಡ ಬೇಡ. ಒಂದು ಚೂರು ಸಾಕು, ಮತ್ತೆ ಶುರುವಾಗತ್ತೆ."

ಓಬಳಪ್ಪ ಆಗ ತಲೆಯೆತ್ತಿದ. "ಇವ್ಳಿಗಿಂತ ಮುಂಚೆ ಒಂದು ಇತ್ತು ಕಣಮ್ಮ. ಇಂಗೇ ಹೊಟ್ಟೆ ಬಂದು ಹೋಯ್ತು. ಅದ್ಕೂ ಇದೇನಾ?"

"ನೋಡದೆ ಹೆಂಗಪ್ಪ ಹೇಳಲಿ?" ಎಂದರು ಅವರು. ಅವನು ಕಣ್ಣು ತೆಗೆಯದೆ ನೋಡುತ್ತಲೇ ಇದ್ದುದರಿಂದ, "ಇರಬಹುದು," ಎಂದರು.

ವಾಪಸು ಬರುವ ಬಸ್ಸಿನಲ್ಲಿ ಕ್ಯಾತಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೊರಟಗೆರೆ ದಾಟಿದ ಮೇಲೆ ಒಂದೇ ಮಾತು ಕೇಳಿದಳು. "ಸಾಯೋ ದಿನಾನೂ ತಿನ್ಸಿದ್ದಲ್ವಾ?"

"ಹೂಂ," ಎಂದ ಓಬಳಪ್ಪ.

ಮಗುವನ್ನು ಹಟ್ಟಿಯಲ್ಲಿ ಬಿಟ್ಟು, ಪಾತ್ರೆ ಬಟ್ಟೆ ತರಲು ಕ್ಯಾತಮ್ಮ ಮಧುಗಿರಿಗೆ ಬಂದಳು. ಅಂದು ಬೇಕರಿ ತೆರೆದಿತ್ತು. ಮಳಿಗೆಯ ಹಿಂದೆಯೇ ಮನೆಯಾದ್ದರಿಂದ ಅವಳು ಗಂಟು ಹೊತ್ತು ಅಂಗಡಿಯ ಒಳಗಿಂದಲೇ ಹೊರಬರುತ್ತಿದ್ದಳು. ಪಾವಗಡದ ಕಡೆಯ ಹೆಂಗಸೊಬ್ಬಳು ಹೆಗಲ ಮೇಲೆ ಕೂಸು ಮಲಗಿಸಿಕೊಂಡು ನಿಂತಿದ್ದಳು.

"ಅನ್ನಾ, ಪಿಲ್ಲಗೆ ಜ್ವರ. ಡಾಕ್ಟ್ರು ಬ್ರೆಡ್ಡು ಕೊಡು ಅಂದವ್ರೆ. ಮೆತ್ತಗಿರೋದು ನೋಡಿ ಕೊಡು."

ಓಬಳಪ್ಪ ಬ್ರೆಡ್ಡಿಗೆ ಕೈ ಹಾಕಿದ. ಕ್ಯಾತಮ್ಮನ ಕೈಯಿಂದ ಗಂಟು ಬಿತ್ತು.

"ಕೊಡ್ಬ್ಯಾಡ!" ಎಂದು ಅವಳು ಕಿರುಚಿದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತು. "ತಗಬ್ಯಾಡ ಕಣವ್ವಾ, ಇವ್ನು ಕೊಟ್ಟಿದ್ದ ತಗಬ್ಯಾಡ. ಇವ್ನ ಬ್ರೆಡ್ಡು ತಿಂದೇ ನನ್ ಮಗ್ಳು ಸತ್ತೋದ್ಲು! ಇನ್ನೊಂದ್ನೂ ಕೊಲ್ತಿದ್ದ!"

ಜನ ಸೇರಿದರು. ಓಬಳಪ್ಪ ವಿವರಿಸಬಹುದಿತ್ತು. ಅದು ನಮ್ಮ ಮಕ್ಕಳ ಕರುಳಿನ ದೋಷ, ಬ್ರೆಡ್ಡಿನದಲ್ಲ, ನಿಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ಹಾಗೆ ಹೇಳಬಹುದಿತ್ತು. ಯಾರೋ ಕೇಳಿಯೂ ಕೇಳಿದರು: "ಏನಪ್ಪಾ, ನಿಜವೇನಪ್ಪಾ?"

"ನಿಜ," ಎಂದ ಓಬಳಪ್ಪ. ಅದಕ್ಕಿಂತ ಹೆಚ್ಚು ಅವನ ಬಾಯಿಂದ ಹೊರಡಲಿಲ್ಲ.

ಅಷ್ಟೇ ಸಾಕಾಯಿತು. ಬೇಕರಿಯವನು ಹಿಟ್ಟಿಗೆ ಏನೋ ಬೆರೆಸುತ್ತಾನೆ ಎಂಬ ಮಾತು ಮಧುಗಿರಿಯಿಂದ ಕೊರಟಗೆರೆಗೆ, ಪಾವಗಡಕ್ಕೆ ಬಸ್ಸುಗಳ ಜೊತೆಯಲ್ಲೇ ಹೋಯಿತು. ಬನ್ನುಗಳು ಗಾಜಿನ ಡಬ್ಬಿಯಲ್ಲೇ ಒಣಗಿದವು. ಯಾರೋ ಬೋರ್ಡಿಗೆ ಸಗಣಿ ಎರಚಿದರು. ಗಂಗಹನುಮಯ್ಯ ಬಂದು ಮಳಿಗೆ ಬಿಡಬೇಕೆಂದು ಸಂಕೋಚದಿಂದಲೇ ಹೇಳಿದ. ಓಬಳಪ್ಪ ಭಟ್ಟಿಯ ಬೆಂಕಿಗೆ ನೀರು ಸುರಿದು, ಶಿರಾಕ್ಕೆ ಹೋಗಿ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಭಾನುವಾರ ಮಾತ್ರ ಬುಕ್ಕಾಪಟ್ಟಣದ ಬಸ್ಸು ಹಿಡಿದು ಹಟ್ಟಿಗೆ ಹೋಗುತ್ತಿದ್ದ. ಕ್ಯಾತಮ್ಮ ಅವನ ಮುಂದೆ ಮುದ್ದೆಯ ತಟ್ಟೆ ಇಡುತ್ತಿದ್ದಳು. ಮಾತಾಡುತ್ತಿರಲಿಲ್ಲ.

ಚಿತ್ತಮ್ಮ ಗಟ್ಟಿಯಾಗತೊಡಗಿದಳು. ಆದರೆ ಐದು ವರ್ಷದ ನಾಲಿಗೆ ಬೇಕರಿಯ ರುಚಿ ಮರೆಯುವುದು ಹೇಗೆ? ಮುದ್ದೆಯನ್ನು ಕಣ್ಣೀರಿನ ಜೊತೆ ನುಂಗುತ್ತಿದ್ದಳು. "ಅಪ್ಪ, ಕೇಕು ತಂದ್ಯಾ?" ಎಂದು ಪ್ರತಿ ಸಲವೂ ಅವನ ಚೀಲಕ್ಕೆ ಕೈಹಾಕುತ್ತಿದ್ದಳು. ಕೆಂಪಕ್ಕ ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ಕೊಟ್ಟಳು, ತಂಬಿಟ್ಟು ಮಾಡಿದಳು. ತಿಂದಳು, ಆದರೆ, "ಇದು ಮೆತ್ತಗಿಲ್ಲ," ಎಂದಳು.

ಒಂದು ದಿನ ಹಟ್ಟಿಯ ಕಾಟಪ್ಪ ಶಿರಾದ ಸಂತೆಯಿಂದ ತನ್ನ ಮಕ್ಕಳಿಗೆ ಕ್ರೀಮ್ ಬನ್ನು ತಂದಿದ್ದ. ಚಿತ್ತಮ್ಮ ಅವರ ಮನೆಯ ಮೂಲೆಯಲ್ಲಿ, ಕುಕ್ಕೆಯ ಹಿಂದೆ ಅವಿತುಕೊಂಡು ತಿಂದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಭೇದಿ ಶುರುವಾದ ಮೇಲೆ. ಬಾಯಿ ಒಣಗಿ, ಕಣ್ಣು ಗುಳಿಬಿದ್ದು, ಅವಳನ್ನು ಶಿರಾದ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಸಾಗಿಸಿದರು. ಗ್ಲೂಕೋಸಿನ ಬಾಟಲಿ ಖಾಲಿಯಾಗುವುದನ್ನೇ ನೋಡುತ್ತ ಓಬಳಪ್ಪ ಗೋಡೆಗೊರಗಿ ನಿಂತಿದ್ದ. ಕ್ಯಾತಮ್ಮ ಎದ್ದು ಅವನ ಎದುರಿಗೆ ಬಂದಳು. ಅವಳು ಅವನೊಡನೆ ಮಾತಾಡಿ ವರ್ಷವಾಗುತ್ತ ಬಂದಿತ್ತು.

"ಇವ್ಳು ಮತ್ತೆ ಕದ್ದು ತಿಂತಾಳೆ," ಎಂದಳು. "ನಾನು ಎಷ್ಟು ಅಂತ ಕಾಯ್ಲಿ? ಬೇಲಿ ಕಾದೇನು, ನಾಲಿಗೆ ಕಾಯಾಕಾಯ್ತದಾ? ಗೋಧಿ ಇಲ್ದಂಗೆ ಕೇಕು ಮಾಡು. ಮೆತ್ತಗಿರ್ಬೇಕು, ರುಚಿಯಾಗಿರ್ಬೇಕು. ಆ ಬನ್ನಿನ ಕಡೆ ಅವ್ಳು ತಿರುಗಿ ನೋಡ್ಬಾರ್ದು, ಅಂಗೆ ಮಾಡು."

"ನಾನು ಇನ್ನು ಹಿಟ್ಟು ಮುಟ್ಟಾಕಿಲ್ಲ ಕಣೇ."

"ಅವ್ಳಿಗೆ ತಿನ್ಸಾಕೆ ಕೈ ಬಂತು. ಇವ್ಳಿಗೆ ಯಾಕೆ ಬರಾಕಿಲ್ಲ?" ಎಂದಳು ಕ್ಯಾತಮ್ಮ. ಓಬಳಪ್ಪನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು.

ಬುಡನ್ ಸಾಬರು ಆಗ ಹಾಸಿಗೆ ಹಿಡಿದಿದ್ದರು. ಜೀವಮಾನವೆಲ್ಲ ಹಿಟ್ಟು ಉಸಿರಾಡಿ ಎದೆ ಗೊರಗೊರ ಎನ್ನುತ್ತಿತ್ತು. ಭಟ್ಟಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಓಬಳಪ್ಪ ಮಂಚದ ಪಕ್ಕ ಕೂತು ಕೇಳಿದ.

"ಉಸ್ತಾದ್, ಮೈದಾ ಇಲ್ದಂಗೆ ಕೇಕ್ ಆಯ್ತದಾ?"

ಸಾಬರು ಬಹಳ ಹೊತ್ತು ಕೆಮ್ಮಿದರು. "ಮೈದಾ ಒಳಗೆ ಜಿಗಟು ಐತೆ ಬೇಟಾ. ಅದೇ ಗಾಳೀನ ಹಿಡ್ಕೊಂಡು ಮೇಲಕ್ಕೆ ಏಳ್ತದೆ. ರಾಗೀಲಿ ಎಲ್ಲೈತೆ ಅದು? ನಂಗೂ ಗೊತ್ತಿಲ್ಲಪ್ಪ. ನಾನು ಯಾವತ್ತೂ ಮಾಡಿಲ್ಲ." ಆಮೇಲೆ, "ಅಂಡಾ ಹಾಕಿ ನೋಡು. ಜಾಸ್ತಿ ಹಾಕು. ಚೆನ್ನಾಗಿ ಹೊಡಿ," ಎಂದರು.

ಮಿಲ್ಲಿನ ಕೆಲಸ ಮುಗಿಸಿ ಅವನು ಸಾಬರ ಭಟ್ಟಿಯಲ್ಲೇ ಪ್ರಯತ್ನ ಮಾಡಿದ. ರಾಗಿ ಹಿಟ್ಟಿನದು ಒಳಗೆ ಹಸಿಯಾಗಿ, ಮೇಲೆ ಬಿರುಕು ಬಿಟ್ಟು ಬೆರಣಿಯಂತಾಯಿತು. ಅಕ್ಕಿ ಹಿಟ್ಟಿನದು ಬಿಸಿಯಿದ್ದಾಗ ಪರವಾಗಿಲ್ಲ ಎನಿಸಿ, ಆರಿದ ಮೇಲೆ ಇಟ್ಟಿಗೆಯಾಯಿತು. ನವಣೆ ಹಿಟ್ಟಿನದು ಚಾಕು ತಾಕಿದ ಕೂಡಲೇ ಪುಡಿಪುಡಿಯಾಗಿ ಉದುರಿತು. ಸಾಬರ ಮಗ ಅದನ್ನು ಮೇಕೆಗೆ ಹಾಕಿದ. ಓಬಳಪ್ಪ ನವಣೆಯನ್ನು ಬಿಡಲಿಲ್ಲ, ಅದರ ಬಣ್ಣ ಕೇಕಿನದೇ ಇತ್ತು. ಕಳಿತ ಬಾಳೆಹಣ್ಣು ಕಿವುಚಿ ಹಾಕಿದ, ಸ್ವಲ್ಪ ಕೂಡಿಕೊಂಡಿತು. ಹುರಿದ ಕಡಲೆಕಾಯಿ ಬೀಜ ಪುಡಿ ಮಾಡಿ ಸೇರಿಸಿದ, ಒಣಕಲುತನ ಹೋಯಿತು. ಮೊಟ್ಟೆಯನ್ನು ಬೆಲ್ಲದ ಪುಡಿಯ ಜೊತೆ ತೋಳು ಬೀಳುವವರೆಗೆ ಹೊಡೆದು, ನೊರೆ ಗಟ್ಟಿಯಾದ ಮೇಲೆ ಹಿಟ್ಟನ್ನು ಮೆಲ್ಲಗೆ ಬೆರೆಸಿದಾಗ ಮೊದಲ ಸಲ ಕೇಕು ಅಚ್ಚಿನಲ್ಲಿ ಮೇಲೆದ್ದಿತು.

ಆ ಭಾನುವಾರವೇ ಒಂದು ತುಂಡು ಕಟ್ಟಿಕೊಂಡು, ಮೊಟ್ಟೆಯ ಮಾತೆತ್ತದೆ, ಹಟ್ಟಿಗೆ ಹೋದ. ಚಿತ್ತಮ್ಮ ತಿಂದು ಅಂಗೈ ನೆಕ್ಕಿದಳು. ಮಂಗಳವಾರ ಮತ್ತೆ ಭೇದಿಯಾಯಿತು.

ಸುದ್ದಿ ತಂದವನು ಕಾಟಪ್ಪ. ಓಬಳಪ್ಪ ಮಿಲ್ಲಿನ ಅಂಗಳದಲ್ಲಿ ಮೂಟೆ ಇಳಿಸಿ ಅಲ್ಲೇ ಕೂತುಬಿಟ್ಟ. ಯಾಕೆ ಎಂದು ಅವನಿಗೆ ಕೂಡಲೇ ತಿಳಿಯಿತು. ಸಾಬರ ಜರಡಿ, ಸಾಬರ ತಟ್ಟೆ, ನಲವತ್ತು ವರ್ಷದ ಮೈದಾ ಕುಡಿದ ಸಾಬರ ಮರದ ಹಲಗೆ. ನವಣೆ ಬೀಸಿದ್ದೂ ಗೋಧಿ ಬೀಸುವ ಗಿರಣಿಯಲ್ಲೇ. ಹಿಟ್ಟಿನ ಧೂಳೂ ಬೇಡ ಎಂದು ಡಾಕ್ಟರು ಹೇಳಿದ್ದು ಅವನ ಕಿವಿಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಈ ಸಲ ಅವಳು ಬೇಗ ಚೇತರಿಸಿಕೊಂಡಳು, ಆದರೆ ಹಟ್ಟಿಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಎರಡು ಭಾನುವಾರ ಹೋಗಲಿಲ್ಲ. ಮೂರನೆಯ ವಾರ ಕ್ಯಾತಮ್ಮ ತಾನೇ ಶಿರಾಕ್ಕೆ ಬಂದು ಮಿಲ್ಲಿನ ಬಾಗಿಲಲ್ಲಿ ನಿಂತಳು.

"ಹಟ್ಟೀಲೇ ಮಾಡು," ಎಂದಳು. "ನವಣೆ ನಾನು ಬೀಸುಕಲ್ಲಲ್ಲಿ ಬೀಸ್ತೀನಿ. ಹೊಸ ಬೋಗುಣಿ ತಂದಿವ್ನಿ. ಗೋಧಿ ಸೋಕ್ದೇ ಇರೋದು."

ಹಟ್ಟಿಯಲ್ಲಿ ಬೇರೆ ತೊಡಕಿತ್ತು. ಅವರ ಹಟ್ಟಿಯೊಳಕ್ಕೆ ಕೋಳಿ ಬರುವ ಹಾಗಿಲ್ಲ. ಸಾಕುವುದಿರಲಿ, ಕೋಳಿಯ ಗರಿ ಹಾರಿಬಂದರೂ ದೇವರಿಗೆ ಮೈಲಿಗೆ. ಮೊಟ್ಟೆಯ ಮಾತೆತ್ತಿದ ಕೂಡಲೇ ಕೆಂಪಕ್ಕ ಕಿವಿ ಮುಚ್ಚಿಕೊಂಡಳು. ಹಟ್ಟಿಯ ಯಜಮಾನ ಚಿಕ್ಕನರಸಯ್ಯ ಬಂದು ಜಗಲಿಯ ಮೇಲೆ ಕೂತ.

"ಏನ್ಲಾ ಓಬ್ಳ, ಊರಲ್ಲಿ ಏನಾರ ತಿನ್ಕ. ಇಲ್ಲಿ ಅದು ನಡ್ಯಾಕಿಲ್ಲ. ಕೂಸಿಗೋಸ್ಕರ ಹಟ್ಟೀನೇ ಕೆಡ್ಸಾಕಾಯ್ತದಾ?"

"ಮೊಟ್ಟೆ ಇಲ್ದಂಗೆ ಏಳಾಕಿಲ್ಲ ಮಾವ," ಎಂದ ಓಬಳಪ್ಪ.

"ಏಳ್ದಿದ್ರೆ ಏಳ್ದಂಗೇ ತಿನ್ಲಿ."

ಕ್ಯಾತಮ್ಮ ಒಳಗಿಂದ ಬಂದಳು. ಯಜಮಾನನ ಎದುರು ಹೆಂಗಸು ನಿಂತು ಮಾತಾಡುವ ವಾಡಿಕೆ ಇರಲಿಲ್ಲ. "ಏಳ್ದಿದ್ರೆ ಅವ್ಳು ಬನ್ನು ಕದೀತಾಳೆ ಮಾವ. ಬನ್ನು ತಿಂದ್ರೆ ಸಾಯ್ತಾಳೆ. ಒಂದ್ನ ಮಣ್ಣಿಗಾಕಿವ್ನಿ. ಅದ್ಕೂ ನನ್ ಕಾಲ್ಗುಣ ಅಂದ್ರಿ. ಇನ್ನೊಂದ್ಕೂ ಅನ್ನಾಕೆ ಕಾಯ್ತಾ ಇದ್ದೀರಾ?"

ಚಿಕ್ಕನರಸಯ್ಯ ಎದ್ದು ಹೋದ. ಮಾತಾಡಿದವಳು ಕೆಂಪಕ್ಕ. ಅವಳು ಸೊಸೆಯ ಮುಖ ನೋಡಲಾರದೆ ಒಲೆಯ ಕಡೆ ತಿರುಗಿಕೊಂಡಿದ್ದಳು.

"ಮುಳ್ಳು ಬೇಲಿ ಒಳೀಕೆ ತರ್ಬ್ಯಾಡಿ. ಹೊರ್ಗಡೆ ಏನಾರ ಮಾಡ್ಕಳಿ. ಕೂಸು ತಿಂದು, ತಲೆಮ್ಯಾಕೆ ನೀರು ಹುಯ್ಕಂಡು ಒಳೀಕೆ ಬರ್ಲಿ. ಯಾರಾರ ಕೇಳಿದ್ರೆ ನಾನ್ ಹೇಳ್ತೀನಿ."

ಬೇಲಿಯಿಂದ ಆಚೆ, ಹಳ್ಳದ ದಂಡೆಯ ಹುಣಸೆ ಮರದ ಕೆಳಗೆ ಓಬಳಪ್ಪ ಮೂರು ಕಲ್ಲು ಹೂಡಿದ. ದಪ್ಪ ತಳದ ಕಬ್ಬಿಣದ ಬಾಂಡಲಿಯಲ್ಲಿ ಮರಳು ತುಂಬಿ ಕಾಯಿಸಿದ. ಅದರೊಳಗೆ ಬೋಗುಣಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದ. ಮೊದಲ ಸಲ ತಳ ಸೀದು ಕರಕಲಾಯಿತು. ಮುಂದಿನ ವಾರ ಗಾಳಿ ಬೀಸಿ ಬೂದಿ ಒಳಗೆ ಬಿತ್ತು. ಆಮೇಲೊಂದು ವಾರ ಬೆಲ್ಲ ಹೆಚ್ಚಾಗಿ ನಡುಭಾಗ ಕುಸಿಯಿತು. ಚಿತ್ತಮ್ಮ ಕುಸಿದದ್ದನ್ನು ತಿಂದು ಮುಖ ಸಿಂಡರಿಸಿದಳು. "ಇದು ಬ್ಯಾಡ. ಕಾಟಪ್ಪಮಾವ ತಂದಿದ್ದೇ ಬೇಕು," ಎಂದು ಅತ್ತಳು. ಕ್ಯಾತಮ್ಮ ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ತಾನೂ ಅತ್ತಳು.

ಹಟ್ಟಿಯ ಜನ ದೂರದಿಂದ ನೋಡುತ್ತಿದ್ದರು. ಓಬಳಪ್ಪನ ಕುಟುಂಬಕ್ಕೆ ನೀರು ಸೇದಲು ಆ ವಾರಗಳಲ್ಲಿ ಕೊನೆಯ ಸರದಿ ಸಿಗುತ್ತಿತ್ತು.

ಸರಿಯಾದದ್ದು ಎಂಬತ್ತೆರಡರ ಮಾಗಿಯಲ್ಲಿ. ಆ ದಿನ ಗಾಳಿ ಇರಲಿಲ್ಲ. ಕ್ಯಾತಮ್ಮ ನವಣೆಯನ್ನು ಎರಡು ಸಲ ಬೀಸಿ, ಸೀರೆಯ ತೆಳುವಾದ ಸೆರಗಿನಲ್ಲಿ ಸೋಸಿ ಕೊಟ್ಟಳು. ಓಬಳಪ್ಪ ಹುರಿದ ಬೀಜದ ಪುಡಿಗೆ ಏಲಕ್ಕಿ ಸೇರಿಸಿ, ತುಪ್ಪ ಬೆರೆಸಿ, ಹೊಡೆದ ಮೊಟ್ಟೆಯ ನೊರೆಯನ್ನು ಒಡೆಯದಂತೆ ಬೆರಳಿನಿಂದಲೇ ಕಲೆಸಿದ. ಮುಚ್ಚಳ ತೆಗೆದಾಗ ಬಂದ ಪರಿಮಳಕ್ಕೆ ಮೇಕೆಗಳೂ ತಲೆಯೆತ್ತಿದವು. ಕೇಕು ಹೊಂಬಣ್ಣಕ್ಕೆ ತಿರುಗಿ, ನಡುವೆ ದಿಬ್ಬದಂತೆ ಎದ್ದಿತ್ತು. ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತಿತ್ತು. ಅವನು ದೊಡ್ಡ ತುಂಡು ಮುರಿದು ಮಗಳ ಕೈಗಿಟ್ಟ.

ಚಿತ್ತಮ್ಮ ಮೊದಲು ಅನುಮಾನದಿಂದ ಅಂಚನ್ನು ಕಚ್ಚಿದಳು. ಆಮೇಲೆ ಗಬಗಬನೆ ತಿಂದಳು. ಇನ್ನೊಂದು ತುಂಡು ಕೇಳಿದಳು. ಅದನ್ನೂ ಮುಗಿಸಿ, ಲಂಗದ ಮೇಲೆ ಬಿದ್ದ ಪುಡಿಯನ್ನು ಬೆರಳಿಗೆ ಅಂಟಿಸಿ ನೆಕ್ಕುತ್ತ, "ಅಕ್ಕಂಗೂ ಇಂಗೇ ಮಾಡ್ಕೊಡ್ತಿದ್ಯಾ ಅಪ್ಪ?" ಎಂದಳು.

ಓಬಳಪ್ಪ ಕೆಂಡ ಕೆದಕುತ್ತಿದ್ದ ಕಡ್ಡಿ ನಿಂತಿತು.

"ಇಲ್ಲ," ಎಂದ. "ಅವ್ಳಿಗೆ ಕೆಟ್ಟದ್ದು ಕೊಟ್ಟೆ. ಗೊತ್ತಿಲ್ದೆ ಕೊಟ್ಟೆ."

ಮಗುವಿಗೆ ಅದು ಅರ್ಥವಾಗಲಿಲ್ಲ. ಅವಳು ಹಳ್ಳದ ಕಡೆ ಓಡಿದಳು. ಕ್ಯಾತಮ್ಮ ಉಳಿದ ಕೇಕಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. "ಚೆನ್ನಾಗೈತೆ," ಎಂದಳು. ಮತ್ತೊಂದು ಚೂರನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಅವನ ಮುಂದಿಟ್ಟಳು. "ಇದನ್ನ ಮಧುಗಿರೀಗೆ ತಕಂಡೋಗಿ ಅವ್ಳಿಗೆ ಇಟ್ಟು ಬಾ."

ಓಬಳಪ್ಪ ಮರುದಿನ ಮಧುಗಿರಿಗೆ ಹೋದ. ಬೇಕರಿ ಇದ್ದ ಮಳಿಗೆಯಲ್ಲಿ ಸೈಕಲ್ ಶಾಪು ಬಂದಿತ್ತು. ಅವನು ಆ ಕಡೆ ನೋಡದೆ ಬೆಟ್ಟದ ಬುಡದ ಸ್ಮಶಾನಕ್ಕೆ ನಡೆದ. ಮಗಳನ್ನು ಮಣ್ಣು ಮಾಡಿದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಲಂಟಾನದ ಪೊದೆ ಎಲ್ಲವನ್ನೂ ನುಂಗಿತ್ತು. ಗುರುತಿಗೆ ನೆಟ್ಟಿದ್ದ ಕಲ್ಲನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಅಥವಾ ಅದು ಮಳೆಗೆ ಉರುಳಿತ್ತು. ಚಿಕ್ಕ ಮಕ್ಕಳ ದಿಣ್ಣೆಗಳೆಲ್ಲ ಒಂದೇ ಕಡೆ ಇದ್ದವು, ಒಂದರ ಹಾಗೆ ಇನ್ನೊಂದು. ಅವನು ಬಗ್ಗಿ ಬಗ್ಗಿ ನೋಡಿದ, ಹಿಂದಕ್ಕೆ ಹೋಗಿ ಬೇವಿನ ಮರದಿಂದ ಅಂದಾಜು ಮಾಡಿ ಮತ್ತೆ ಬಂದ. ಯಾವುದು ತನ್ನದೆಂದು ತಿಳಿಯಲಿಲ್ಲ. ಬಿಸಿಲೇರುವವರೆಗೂ ಹುಡುಕಿ, ಕೊನೆಗೆ ಆ ಚೂರನ್ನು ಕಾಳಿನಷ್ಟು ಕಾಳಿನಷ್ಟು ಮುರಿದು ಕಂಡ ದಿಣ್ಣೆಗಳ ಮೇಲೆಲ್ಲ ಇಟ್ಟ. ಕೊನೆಯ ದಿಣ್ಣೆಗೆ ಉಳಿಯಲಿಲ್ಲ. ಎಲೆಗೆ ಅಂಟಿದ್ದ ತುಪ್ಪವನ್ನು ಅಲ್ಲಿಯ ಮಣ್ಣಿಗೆ ಒರೆಸಿದ. ಇರುವೆ ಹತ್ತುತ್ತಿದ್ದವು. ಅವನು ಅಲ್ಲಿ ಕೂತು, ಮಗಳು ಸತ್ತಂದು ಅಳದೆ ಇದ್ದದ್ದನ್ನೂ ಸೇರಿಸಿ ಅತ್ತ.

ಶಿರಾಕ್ಕೆ ಹಿಂದಿರುಗಿದಾಗ ಬುಡನ್ ಸಾಬರು ತೀರಿಕೊಂಡಿದ್ದರು. ಅವರಿಗೆಂದು ತೆಗೆದಿಟ್ಟಿದ್ದ ತುಂಡನ್ನು ಸಾಬರ ಮಗ ತಿಂದು, ಅಬ್ಬಾಜಾನ್‌ಗೆ ಇಷ್ಟವಾಗುತ್ತಿತ್ತು ಎಂದ.

"ಇಟ್ಟು ಬಂದೆ," ಎಂದು ಓಬಳಪ್ಪ ಕ್ಯಾತಮ್ಮನಿಗೆ ಹೇಳಿದ. ಮಗಳ ಜಾಗ ಸಿಗಲಿಲ್ಲವೆಂಬುದನ್ನು ಬಹಳ ಕಾಲದ ಮೇಲೆ ಹೇಳಿದ. ಕ್ಯಾತಮ್ಮ ಅಂದು ಊಟ ಮಾಡಲಿಲ್ಲ. ಬೈಯಲೂ ಇಲ್ಲ.

ಪ್ರತಿ ಭಾನುವಾರ ಹುಣಸೆ ಮರದ ಕೆಳಗೆ ಹೊಗೆ ಏಳುತ್ತಿತ್ತು; ಉಳಿದ ಕೇಕಿನ ಡಬ್ಬಿ ರಾತ್ರಿ ಬೇಲಿಯ ಹೊರಗೆ ಅದರ ಕೊಂಬೆಯಲ್ಲೇ ತೂಗುತ್ತಿತ್ತು. ಚಿತ್ತಮ್ಮ ಬನ್ನು ಕದಿಯುವುದನ್ನು ಬಿಟ್ಟಳು. ಶಾಲೆಯಲ್ಲಿ ಉಪ್ಪಿಟ್ಟು ಹಂಚುವಾಗ ಅಂಗಳದ ಮರದ ಕೆಳಗೆ ಹೋಗಿ ತನ್ನ ಡಬ್ಬಿ ಬಿಚ್ಚಿ ಕೂರುತ್ತಿದ್ದಳು. ಹುಡುಗಿಯರು ಅವಳನ್ನು ಮೊದಲು ಮೈಲಿಗೆಯವಳೆಂದು ದೂರವಿಟ್ಟರು, ಕೇಕಿನ ವಾಸನೆಗೆ ಆಮೇಲೆ ಹತ್ತಿರ ಬಂದರು. ಸೋಮವಾರ ಅವಳಿಗೆ ಗೆಳತಿಯರು ಹೆಚ್ಚು. ಅವಳು ಬದುಕಿದಳು, ಆದರೆ ಆ ಮೊದಲ ವರ್ಷಗಳ ಪೆಟ್ಟು ಹೋಗಲಿಲ್ಲ. ಹನ್ನೊಂದರ ಹುಡುಗಿ ಏಳರವಳಂತೆ ಕಾಣುತ್ತಿದ್ದಳು. ಕಾಲಿನ ಮೂಳೆ ಸ್ವಲ್ಪ ಬಾಗಿತ್ತು. ಹೋಳಿಗೆ ತಿನ್ನದವಳು ಯಾವ ಮನೆ ಬೆಳಗುತ್ತಾಳೆ ಎಂದು ಹಟ್ಟಿಯ ಹೆಂಗಸರು ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಅವಳು ಹೈಸ್ಕೂಲು ಸೇರಿದಾಗ ಕ್ಯಾತಮ್ಮ ಗಂಟುಮೂಟೆ ಕಟ್ಟಿಕೊಂಡು ಶಿರಾಕ್ಕೆ, ಮಿಲ್ಲಿನ ಹಿಂದಿನ ಓಬಳಪ್ಪನ ಕೋಣೆಗೆ ಬಂದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ನಡುವೆ ಸಾಬರ ಮಗ ಕೂಲಿಗೆ ಕರೆದರೂ ಓಬಳಪ್ಪ ಬ್ರೆಡ್ಡಿನ ಭಟ್ಟಿಯ ಮುಂದೆ ಮತ್ತೆ ನಿಲ್ಲಲಿಲ್ಲ. ಮೂಟೆ ಹೊತ್ತು ಹೊತ್ತು ಅವನ ಬಲಗೈ ಮೇಲೆತ್ತಲು ಬಾರದಂತಾದ ಮೇಲೆ ಮೊಟ್ಟೆ ಹೊಡೆಯುವುದು ಚಿತ್ತಮ್ಮನ ಪಾಲಿಗೆ ಬಂತು.

ಒಂದು ಸಂಜೆ ಅವಳು ಅಂಗಳದಲ್ಲಿ ಕೂತು ಬೋಗುಣಿಯನ್ನು ತೊಡೆಗೆ ಒತ್ತಿಕೊಂಡು ಹೊಡೆಯುತ್ತಿದ್ದಳು. ನೊರೆ ಇನ್ನೂ ಸಡಿಲವಿತ್ತು. ಸಾಕು ಬಿಡು ಎಂದಳು ಕ್ಯಾತಮ್ಮ.

"ಸಾಲದು," ಎಂದ ಓಬಳಪ್ಪ. "ಇನ್ನೂ ಹೊಡಿ."

ಚಿತ್ತಮ್ಮ ಕೈ ಬದಲಿಸಿಕೊಂಡು ಹೊಡೆಯತೊಡಗಿದಳು.